‘ಬಿಳಿಯ ಇರುಳುಗಳು’: ಕಥೆಯೂ ಚಿತ್ರವೂ

ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯದ ಕಿಟಕಿಗಳಿಗೆ ಜಮಖಾನೆ ಕಟ್ಟಿ, ಕತ್ತಲೆ ಮಾಡಿಕೊಂಡು, ನಾವು ಒಂದು ಇಟಾಲಿಯನ್ ಚಿತ್ರವನ್ನು ನೋಡಿದೆವು. ಚಿತ್ರ ದೊಡ್ಡದೇನಲ್ಲ, ಆದರೂ ಅದನ್ನು ನೋಡಿ ಮುಗಿಸಲು ಎರಡು ಮಧ್ಯಾಹ್ನಗಳು ಬೇಕಾದವು. ನಡುವೆ ವಿದ್ಯುತ್ತು ಹೋಯಿತು. ಅಧ್ಯಾಪಕರು ಅಲ್ಲಲ್ಲಿ ನಿಲ್ಲಿಸಿ ಮಾತುಗಳ ಅರ್ಥವನ್ನು ಕನ್ನಡದಲ್ಲಿ ಹೇಳಬೇಕಾಯಿತು. ಚಿಂಚೋಳಿಯ ಕಡೆಯ ಗೆಳೆಯರು ಬಸ್ಸಿನ ವೇಳೆಯಾಯಿತೆಂದು ಎದ್ದು ಹೋದರು. ಎರಡನೆಯ ದಿನ ಚಿತ್ರ ಮುಗಿದು ಜಮಖಾನೆಗಳನ್ನು ಬಿಚ್ಚುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದನು: “ಸರ್, ಕೊನಿಗೆ ಅವನಿಗೇನು ಸಿಕ್ತು?” ಎಲ್ಲರೂ ನಕ್ಕರು. ಅಧ್ಯಾಪಕರು ನಗಲಿಲ್ಲ. “ಪ್ರಶ್ನೆ ಚೆನ್ನಾಗಿದೆ. ಯಾರಾದರೂ ಉತ್ತರ ಬರೆದು ತನ್ನಿ” ಎಂದರು. ಈ ಕಿರುಲೇಖನವು ಆ ಪ್ರಶ್ನೆಗೆ ನನ್ನ ಅಲ್ಪಮತಿಗೆ ತೋಚಿದ ಉತ್ತರ.

ನಾವು ನೋಡಿದ ಚಿತ್ರ ಲೂಕೀನೊ ವಿಸ್ಕೊಂತಿ ಎಂಬ ನಿರ್ದೇಶಕನು 1957ರಲ್ಲಿ ತೆಗೆದ ‘ಬಿಳಿಯ ಇರುಳುಗಳು’. ಅದಕ್ಕೆ ಆಧಾರವಾದುದು ರಷ್ಯದ ಮಹಾಲೇಖಕ ದಾಸ್ತೊಯೆವ್ಸ್ಕಿ 1848ರಲ್ಲಿ ಪ್ರಕಟಿಸಿದ ಅದೇ ಹೆಸರಿನ ನೀಳ್ಗತೆ. ಆಗ ಅವನಿಗೆ ಇಪ್ಪತ್ತೇಳರ ಪ್ರಾಯ. ಮರುವರ್ಷವೇ ರಾಜದ್ರೋಹದ ಆಪಾದನೆಯ ಮೇಲೆ ಬಂಧಿತನಾಗಿ, ಮರಣದಂಡನೆಯ ಬಾಯಿಂದ ಪಾರಾಗಿ, ಸೈಬೀರಿಯದ ಸೆರೆವಾಸಕ್ಕೆ ಹೋದನು. ‘ಅಪರಾಧ ಮತ್ತು ಶಿಕ್ಷೆ’ಯಂತಹ ಬೃಹತ್ಕಾದಂಬರಿಗಳು ಹುಟ್ಟಿದ್ದು ಆ ಮೇಲೆ. ಆದುದರಿಂದ ಈ ಕಥೆಯನ್ನು ಸೆರೆಮನೆಯನ್ನು ಕಾಣದ ದಾಸ್ತೊಯೆವ್ಸ್ಕಿಯ ಕೃತಿಯೆಂದು ಓದಬೇಕು. ಇದರಲ್ಲಿ ಕೊಲೆಯಿಲ್ಲ, ವಿಚಾರಣೆಯಿಲ್ಲ. ಇಬ್ಬರು ಎಳೆಯರು, ಒಂದು ಕಾಲುವೆಯ ದಂಡೆ, ನಾಲ್ಕು ರಾತ್ರಿಗಳು ಮತ್ತು ಒಂದು ಬೆಳಗು. ಇಷ್ಟೇ.

ಮೊದಲು ಹೆಸರಿನ ವಿಷಯ. ಇರುಳು ಬಿಳಿಯದಾಗುವುದು ಹೇಗೆ ಎಂದು ನಮ್ಮಲ್ಲಿ ಹಲವರು ಕೇಳಿದರು. ಇದು ಕವಿಯ ಅಲಂಕಾರವಲ್ಲ, ಭೂಗೋಲದ ಸಂಗತಿ. ನಮ್ಮ ಸೇಡಂ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಇಲ್ಲಿ ಜೂನ್ ತಿಂಗಳಿನ ಅತಿ ದೀರ್ಘವಾದ ಹಗಲು ಕೂಡ ಹದಿಮೂರು ಗಂಟೆಗಳಿಗಿಂತ ಬಹಳ ಹೆಚ್ಚಾಗದು. ಕಥೆ ನಡೆಯುವ ಪೀಟರ್ಸ್‌ಬರ್ಗ್ ನಗರವಿರುವುದು ಸುಮಾರು 60 ಡಿಗ್ರಿಯಲ್ಲಿ. ಅಲ್ಲಿ ಜೂನ್ ತಿಂಗಳಿನಲ್ಲಿ ಹಗಲು ಹತ್ತೊಂಬತ್ತು ಗಂಟೆಗಳಷ್ಟಾಗುತ್ತದೆ. ಸೂರ್ಯನು ಮುಳುಗಿದರೂ ದಿಗಂತದಿಂದ ಬಹಳ ಕೆಳಗೆ ಇಳಿಯದ ಕಾರಣ ರಾತ್ರಿಯಿಡೀ ಸಂಜೆಯ ಮಬ್ಬು ಬೆಳಕು ಉಳಿದಿರುತ್ತದೆ. ಮಲಗಲೂ ಆಗದ, ಎಚ್ಚರವಾಗಿ ಏನನ್ನು ಮಾಡಲೂ ಆಗದ ಇಂತಹ ಹೊತ್ತನ್ನು ಕನಸುಗಾರನೊಬ್ಬನ ಕಥೆಗೆ ಆರಿಸಿಕೊಂಡುದರಲ್ಲಿ ಔಚಿತ್ಯವಿದೆ.

ಕಥೆಯನ್ನು ಓದದವರಿಗಾಗಿ ಅದರ ಸಾರವನ್ನು ಹೇಳುತ್ತೇನೆ. ಕಥಾನಾಯಕನಿಗೆ ಹೆಸರಿಲ್ಲ, ತನ್ನನ್ನು ತಾನೇ ಕನಸುಗಾರನೆಂದು ಕರೆದುಕೊಳ್ಳುತ್ತಾನೆ. ವಯಸ್ಸು ಇಪ್ಪತ್ತಾರು. ಬಹುಕಾಲದಿಂದ ನಗರದಲ್ಲಿದ್ದರೂ ಪರಿಚಯಸ್ಥರಿಲ್ಲ. ಬೀದಿಯ ಮನೆಗಳೊಡನೆ ಮನಸ್ಸಿನಲ್ಲೇ ಮಾತನಾಡುತ್ತಾನೆ. ಒಂದು ರಾತ್ರಿ ಕಾಲುವೆಯ ಕಟಾಂಜನಕ್ಕೆ ಒರಗಿ ಅಳುತ್ತಿರುವ ನಾಸ್ತೆಂಕಾ ಎಂಬ ಹದಿನೇಳರ ಹುಡುಗಿಯನ್ನು ಕಾಣುತ್ತಾನೆ. ಆಕೆಗೆ ತಂದೆತಾಯಿಗಳಿಲ್ಲ, ಕುರುಡಿಯಾದ ಅಜ್ಜಿ. ಮೊಮ್ಮಗಳು ಕಣ್ತಪ್ಪಿಸಿ ಹೋಗದಿರಲೆಂದು ಅಜ್ಜಿ ಆಕೆಯ ಬಟ್ಟೆಯನ್ನು ತನ್ನ ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡು ಕೂಡುತ್ತಾಳೆ. ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇದ್ದ ತರುಣನೊಬ್ಬನು ಆಕೆಗೆ ಪುಸ್ತಕಗಳನ್ನು ಕೊಟ್ಟನು, ಅಜ್ಜಿಯೊಡನೆ ಗೀತನಾಟಕಕ್ಕೆ ಕರೆದೊಯ್ದನು. ಅವರಲ್ಲಿ ಪ್ರೀತಿ ಬೆಳೆಯಿತು. ಬಡವನಾದ ಅವನು, ಒಂದು ವರ್ಷದ ಮೇಲೆ ಬರುತ್ತೇನೆಂದು ಹೇಳಿ ಮಾಸ್ಕೋಗೆ ಹೋದನು. ಈಗ ವರ್ಷ ತುಂಬಿದೆ, ಅವನು ಊರಿಗೂ ಬಂದಿದ್ದಾನೆ. ಆದರೆ ಆಕೆಯ ಬಳಿಗೆ ಬಂದಿಲ್ಲ. ಕನಸುಗಾರನು ದಿನದಿನದ ಭೇಟಿಯಲ್ಲಿ ಆಕೆಯನ್ನು ಸಂತೈಸುತ್ತ ಸಂತೈಸುತ್ತ ತಾನೇ ಪ್ರೇಮಕ್ಕೆ ಸಿಲುಕುತ್ತಾನೆ. ನಾಲ್ಕನೆಯ ರಾತ್ರಿ, ಇನ್ನು ಆ ಮನುಷ್ಯ ಬಾರನೆಂದು ಆಕೆ ಕನಸುಗಾರನಿಗೆ ಒಪ್ಪಿಗೆ ಸೂಚಿಸಿ, ಇಬ್ಬರೂ ಮುಂದಿನ ಸಂಸಾರದ ಮಾತನ್ನಾಡುತ್ತ ನಡೆಯುತ್ತಿರುವಾಗಲೇ ಅವನು ಎದುರಿಗೆ ಬರುತ್ತಾನೆ. ಆಕೆ ಓಡಿಹೋಗುತ್ತಾಳೆ. ಮರುದಿನ ಬೆಳಿಗ್ಗೆ ಕ್ಷಮೆ ಕೇಳಿ ಆಕೆ ಬರೆದ ಪತ್ರ ಬರುತ್ತದೆ. ಕನಸುಗಾರನು ಶಪಿಸುವುದಿಲ್ಲ, ಹರಸುತ್ತಾನೆ.

ಇಂತಹ ಕಥೆಯನ್ನು ಚಿತ್ರಕ್ಕೆ ಅಳವಡಿಸುವುದು ಸುಲಭವಲ್ಲ. ಕಥೆಯ ಬಹುಭಾಗ ಕನಸುಗಾರನ ಸ್ವಗತ. ಕ್ಯಾಮೆರಾ ಮುಖವನ್ನು ತೋರಿಸೀತು, ಬೀದಿಯನ್ನು ತೋರಿಸೀತು. ಮನಸ್ಸಿನೊಳಗಿನ ದೀರ್ಘ ಭಾಷಣವನ್ನು ಹೇಗೆ ತೋರಿಸೀತು? ವಿಸ್ಕೊಂತಿ ಇದಕ್ಕೊಂದು ಉಪಾಯವನ್ನು ಕಂಡುಕೊಂಡನು. 1948ರಲ್ಲಿ ‘ಭೂಮಿ ಕಂಪಿಸುತ್ತದೆ’ ಎಂಬ ಚಿತ್ರವನ್ನು ನಿಜವಾದ ಬೆಸ್ತರ ಊರಿನಲ್ಲಿ ನಿಜವಾದ ಬೆಸ್ತರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ತೆಗೆದ ಅದೇ ನಿರ್ದೇಶಕ, ಇಲ್ಲಿ ಊರನ್ನು ಬಿಟ್ಟು ರೋಮಿನ ಚಿನೆಚಿತ್ತಾ ಸ್ಟುಡಿಯೋದೊಳಗೆ ಕಾಲುವೆ, ಸೇತುವೆ, ಅಂಗಡಿಸಾಲುಗಳನ್ನೆಲ್ಲ ಕಟ್ಟಿಸಿದನು. ಇಟಲಿಯ ಲಿವೋರ್ನೊ ಎಂಬ ಬಂದರುಪಟ್ಟಣ ಅದಕ್ಕೆ ಮಾದರಿ. ಛಾಯಾಗ್ರಾಹಕ ಜುಸೆಪ್ಪೆ ರೊತುನ್ನೊ ತೆಳುವಾದ ಬಲೆಬಟ್ಟೆಯ ಪರದೆಗಳನ್ನು ಇಳಿಬಿಟ್ಟು ಮಂಜಿನ ಭ್ರಮೆಯನ್ನು ಹುಟ್ಟಿಸಿದನು. ಆದುದರಿಂದ ನಮಗೆ ಕಾಣುವ ಊರು ನಿಜವೂ ಹೌದು, ಸುಳ್ಳೂ ಹೌದು. ಕನಸುಗಾರನ ಮನಸ್ಸನ್ನು ಮಾತಿನಲ್ಲಿ ಹೇಳುವ ಬದಲು ಊರನ್ನೇ ಅವನ ಮನಸ್ಸಿನಂತೆ ಮಾಡಿದುದು ಇಲ್ಲಿನ ಜಾಣತನ. ಸಂಗೀತ ನೀನೊ ರೋಟಾನದು. ಆ ವರ್ಷ ವೆನಿಸ್ಸಿನ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಬೆಳ್ಳಿಯ ಸಿಂಹದ ಪ್ರಶಸ್ತಿ ದೊರೆಯಿತು.

ಹೆಸರಿಲ್ಲದ ಕನಸುಗಾರನಿಗೆ ಇಲ್ಲಿ ಮಾರಿಯೋ ಎಂಬ ಹೆಸರು ಬಂದಿದೆ. ಆ ಊರಿಗೆ ಹೊಸದಾಗಿ ಬಂದ ಗುಮಾಸ್ತ. ಆ ಪಾತ್ರವನ್ನು ಮಾರ್ಚೆಲ್ಲೊ ಮಾಸ್ತ್ರೊಯಾನಿ ವಹಿಸಿದ್ದಾನೆ. ಹುಡುಗಿ ನತಾಲಿಯಾಳಾಗಿ ಮರಿಯಾ ಶೆಲ್, ಬಾಡಿಗೆಯ ಮನುಷ್ಯನಾಗಿ ಫ್ರಾನ್ಸಿನ ಜಾನ್ ಮರೇ. ಪೀಟರ್ಸ್‌ಬರ್ಗಿನ ಬೇಸಿಗೆಯ ಬೆಳಕು ಇಲ್ಲಿಲ್ಲ. ಚಿತ್ರ ನಡೆಯುವುದು ಚಳಿಗಾಲದ ಕಗ್ಗತ್ತಲೆಯಲ್ಲಿ. ಹಾಗಾದರೆ ಇರುಳು ಬಿಳಿಯದಾಗುವುದೆಲ್ಲಿ? ಕೊನೆಯ ರಾತ್ರಿ, ಇಬ್ಬರೂ ದೋಣಿಯಲ್ಲಿ ಹೋದ ರಾತ್ರಿ, ಹಿಮ ಬೀಳತೊಡಗುತ್ತದೆ. ಸುಖವು ಕೈಗೆ ಸಿಕ್ಕಿತೆಂದುಕೊಂಡ ಗಳಿಗೆಯಲ್ಲಿ ಮಾತ್ರ ಊರು ಬೆಳ್ಳಗಾಗುತ್ತದೆ. ಬೆಳಗಾಗುವಷ್ಟರಲ್ಲಿ ಸೇತುವೆಯ ಮೇಲೆ ಆ ಮನುಷ್ಯ ನಿಂತಿದ್ದಾನೆ. ಹೆಸರಿನ ಅರ್ಥವನ್ನು ಬದಲಿಸಿಯೂ ಹೆಸರನ್ನು ಸಾರ್ಥಕಗೊಳಿಸಿದ ಬಗೆ ಮೆಚ್ಚತಕ್ಕದ್ದು.

ಆದರೆ ಕಥೆಗೂ ಚಿತ್ರಕ್ಕೂ ಇರುವ ಅತ್ಯಂತ ಮುಖ್ಯವಾದ ಭೇದ ಊರಿನದಲ್ಲ, ಋತುವಿನದಲ್ಲ, ಒಂದು ಪತ್ರದ್ದು. ಎರಡರಲ್ಲಿಯೂ ಹುಡುಗಿ ತನ್ನ ಪ್ರಿಯನಿಗೆ ಬರೆದ ಪತ್ರವನ್ನು ತಲುಪಿಸುವಂತೆ ಈ ಹೊಸ ಗೆಳೆಯನ ಕೈಗೇ ಕೊಡುತ್ತಾಳೆ. ಆಕೆಗೆ ಬೇರೆ ದಿಕ್ಕಿಲ್ಲ. ದಾಸ್ತೊಯೆವ್ಸ್ಕಿಯ ಕನಸುಗಾರನು ಆಗಲೇ ಆಕೆಯಲ್ಲಿ ಅನುರಕ್ತನಾಗಿದ್ದರೂ ಹೋಗಿ ಪತ್ರವನ್ನು ಮುಟ್ಟಿಸಿ ಬರುತ್ತಾನೆ. ವಿಸ್ಕೊಂತಿಯ ಮಾರಿಯೋ ಅದನ್ನು ಹರಿದು ಕಾಲುವೆಗೆ ಎಸೆಯುತ್ತಾನೆ. ಮಾರನೆಯ ರಾತ್ರಿ ಅವಳ ಕಣ್ಣಿಗೆ ಬೀಳದಿರಲು ಹವಣಿಸುತ್ತಾನೆ. ಆದರೂ ಅವಳೇ ಅವನನ್ನು ಹಿಡಿಯುತ್ತಾಳೆ. ಇಬ್ಬರೂ ತರುಣರು ಕುಣಿಯುವ ಒಂದು ಹೋಟೆಲಿಗೆ ಹೋಗುತ್ತಾರೆ. ಕುಣಿಯಲು ಬಾರದ ಮಾರಿಯೋ ಬಿಲ್ ಹೇಲಿಯ ಅಮೆರಿಕನ್ ಸಂಗೀತಕ್ಕೆ ಕೈಕಾಲು ಬೀಸಿ ಕುಣಿಯುತ್ತಾನೆ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆದರೆ ಪತ್ರವನ್ನು ನೀರಿಗೆ ಹಾಕಿದವನ ಕುಣಿತವದು ಎಂಬುದನ್ನು ನೆನೆದರೆ ನಗೆ ಅಲ್ಲಿಯೇ ನಿಲ್ಲುತ್ತದೆ. ಹತ್ತು ಗಂಟೆ ಹೊಡೆದುದು ತಿಳಿದೊಡನೆ ಹುಡುಗಿ ಸೇತುವೆಗೆ ಓಡುತ್ತಾಳೆ. ಮುಂದೆ ಅವನು ತನ್ನ ತಪ್ಪನ್ನು ಆಕೆಯ ಮುಂದೆ ಒಪ್ಪಿಕೊಳ್ಳುತ್ತಾನೆ.

ಪತ್ರ ತಲುಪದಿದ್ದರೂ ಆ ಮನುಷ್ಯ ಬಂದನಲ್ಲ, ಹರಿದುದರಿಂದ ಏನು ಕೆಟ್ಟಿತು ಎಂದು ಕೇಳಬಹುದು. ಕೆಟ್ಟುದು ಇಷ್ಟೆ: ಕಥೆಯ ಕನಸುಗಾರನು ಸೋತಾಗ ಅವನಲ್ಲಿ ದುಃಖವೊಂದೇ ಇರುತ್ತದೆ, ಮಾರಿಯೋ ಸೋತಾಗ ದುಃಖದ ಜೊತೆಗೆ, ತಾನು ಕದಿಯಲು ಹೋಗಿದ್ದೆನೆಂಬ ಅರಿವೂ ಇರುತ್ತದೆ. ಆದರೂ ಕೊನೆಗೆ ಅವನು ಆಕೆಯನ್ನು ತಡೆಯುವುದಿಲ್ಲ. ಪಶ್ಚಾತ್ತಾಪಪಡಬೇಡವೆಂದು ಆಕೆಗೇ ಸಮಾಧಾನ ಹೇಳಿ ಕಳಿಸುತ್ತಾನೆ. ಹಿಮದ ಬೀದಿಯಲ್ಲಿ ಮೊದಲ ರಾತ್ರಿ ಕಂಡಿದ್ದ ಬೀದಿನಾಯಿಯೊಂದೇ ಅವನ ಜೊತೆಗೆ ಉಳಿಯುತ್ತದೆ. ಕನಸುಗಾರನನ್ನು ನಾವು ಗೌರವಿಸುತ್ತೇವೆ. ಮಾರಿಯೋನಲ್ಲಿ ನಮ್ಮನ್ನು ನಾವು ಗುರುತಿಸಿಕೊಳ್ಳುತ್ತೇವೆ. ಆದಕಾರಣ ವಿಸ್ಕೊಂತಿ ಮಾಡಿದ ಬದಲಾವಣೆಯನ್ನು ಮೂಲಕ್ಕೆ ಮಾಡಿದ ಅಪಚಾರವೆಂದು ನಾನು ಎಣಿಸುವುದಿಲ್ಲ.

ಈಗ ನಮ್ಮ ಪಠ್ಯಗಳ ಕಡೆಗೆ ತಿರುಗೋಣ. ಒಮ್ಮುಖ ಪ್ರೇಮವನ್ನು ನಮ್ಮ ಅಲಂಕಾರಶಾಸ್ತ್ರ ಹೇಗೆ ಕಂಡಿತು? ಅಗಲಿದ ಪ್ರೇಮಿಗಳ ಅಳಲು ವಿಪ್ರಲಂಭ ಶೃಂಗಾರ; ಅದಕ್ಕೆ ಉನ್ನತ ಸ್ಥಾನವಿದೆ. ಆದರೆ ವಿಪ್ರಲಂಭಕ್ಕೆ ಇಬ್ಬರಲ್ಲಿಯೂ ರತಿಯಿರಬೇಕು. ಒಬ್ಬರಲ್ಲಿ ಮಾತ್ರ ಇದ್ದರೆ ಅದು ರಸವಲ್ಲ, ರಸಾಭಾಸ. ಸೀತೆಯ ಮೇಲೆ ರಾವಣನಿಗಿದ್ದ ಆಸೆಯನ್ನು ಅಭಿನವಗುಪ್ತನು ಇದಕ್ಕೆ ಉದಾಹರಿಸುತ್ತಾನೆ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದಾಗ ನನಗೆ ಇದು ಕಠೋರವೆನಿಸಿತ್ತು. ಉತ್ತರ ಸಿಗದ ಪ್ರೀತಿಯೂ ಪ್ರೀತಿಯಲ್ಲವೇ ಎಂದು ಮನಸ್ಸು ವಾದಿಸಿತ್ತು. ಈಗ ತೋರುವುದೇನೆಂದರೆ, ಶಾಸ್ತ್ರಕಾರರು ಒಮ್ಮುಖ ಪ್ರೇಮದ ಅಪಾಯವೊಂದನ್ನು ಸರಿಯಾಗಿಯೇ ಗುರುತಿಸಿದ್ದರು: ಎದುರಿನವರ ಮನಸ್ಸನ್ನು ಲೆಕ್ಕಕ್ಕೆ ಹಿಡಿಯದ ಆಸೆಯನ್ನು ನಾವು ಪ್ರೀತಿಯೆಂದು ತಪ್ಪಾಗಿ ಕರೆಯುತ್ತೇವೆ.

ಈ ರಾವಣನಿಗೆ ಕನ್ನಡದಲ್ಲಿ ಬೇರೊಂದು ಮುಖವಿದೆ. ಹನ್ನೆರಡನೆಯ ಶತಮಾನದ ಆದಿಭಾಗದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನು ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ಹಿಡಿದವನು; ವಿಧಿವಶದಿಂದ ಸೀತೆಯಲ್ಲಿ ಮನಸ್ಸಿಟ್ಟು ಕೆಡುತ್ತಾನೆ. ಅವನ ಬೆದರಿಕೆಯ ಮಾತನ್ನು ಕೇಳಿ ಸೀತೆ ಮೂರ್ಛೆ ಹೋದಾಗ ಅವನ ಕಣ್ಣು ತೆರೆಯುತ್ತದೆ. ಒಲಿದವರನ್ನು ಅಗಲಿಸಿದೆನಲ್ಲಾ ಎಂದು ಮರುಗುತ್ತಾನೆ. ಅವಳನ್ನು ರಾಮನಿಗೆ ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕವು ಹೇಡಿಯೆಂದೀತು. ಆದುದರಿಂದ ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದು, ಆಮೇಲೆ ಒಪ್ಪಿಸುತ್ತೇನೆಂದುಕೊಳ್ಳುತ್ತಾನೆ. ಆ ‘ಆಮೇಲೆ’ ಬರಲೇ ಇಲ್ಲ, ಯುದ್ಧದಲ್ಲಿ ಮಡಿದನು. ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕ್ ನಾಟಕಗಳ ದುರಂತನಾಯಕನ ಲಕ್ಷಣವನ್ನು ಕಂಡರು. ಕನಸುಗಾರನು ಪತ್ರವನ್ನು ಕೊಟ್ಟನು, ಮಾರಿಯೋ ಹರಿದನು, ನಾಗಚಂದ್ರನ ರಾವಣನು, ಕೊಡಬೇಕೆಂದು ತಿಳಿದೂ, ಕೊಡುವುದನ್ನು ಮುಂದಕ್ಕೆ ಹಾಕಿದನು. ಮೂವರಿಗೂ ಇದ್ದ ಪರೀಕ್ಷೆ ಒಂದೇ: ಮತ್ತೊಬ್ಬರದು ನನ್ನ ಕೈಯಲ್ಲಿದೆ, ಅದನ್ನು ನಾನೇನು ಮಾಡುತ್ತೇನೆ?

ದಾಸ್ತೊಯೆವ್ಸ್ಕಿಯ ಈ ಕಥೆ ವಿಸ್ಕೊಂತಿಯ ತರುವಾಯವೂ ಪರದೆಯನ್ನು ಬಿಡಲಿಲ್ಲ. 1959ರಲ್ಲಿ ರಷ್ಯದಲ್ಲಿಯೇ ಇವಾನ್ ಪಿರ್ಯೇವ್, 1971ರಲ್ಲಿ ಫ್ರಾನ್ಸಿನ ರಾಬರ್ ಬ್ರೆಸ್ಸಾನ್, 2007ರಲ್ಲಿ ನಮ್ಮ ಸಂಜಯ ಲೀಲಾ ಭನ್ಸಾಲಿ ‘ಸಾಂವರಿಯಾ’ ಎಂಬ ಹಿಂದೀ ಚಿತ್ರದಲ್ಲಿ ಇದನ್ನು ಬಳಸಿಕೊಂಡರು. ಭನ್ಸಾಲಿಯವರೂ ವಿಸ್ಕೊಂತಿಯಂತೆ ಇಡೀ ಊರನ್ನು ಸ್ಟುಡಿಯೋದಲ್ಲಿ ಕಟ್ಟಿಸಿದುದು ಗಮನಾರ್ಹ. ಈ ಕಥೆಯನ್ನು ಆಧರಿಸದಿದ್ದರೂ ನಮ್ಮ ವಾಚಕರಿಗೆ ಒಡನೆ ನೆನಪಾಗುವುದು 2006ರ ಡಿಸೆಂಬರಿನಲ್ಲಿ ತೆರೆಕಂಡ ಯೋಗರಾಜ ಭಟ್ಟರ ‘ಮುಂಗಾರು ಮಳೆ’. ಅಲ್ಲಿಯೂ ನಾಯಕನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಆದರೆ ಅಲ್ಲಿ ಹುಡುಗಿಯೂ ಅವನನ್ನು ಒಲಿದಿದ್ದಾಳೆ. ಬಿಟ್ಟುಕೊಡುವ ತೀರ್ಮಾನವನ್ನು ಅವನೇ ಮಾಡುತ್ತಾನೆ. ಅದು ತ್ಯಾಗ; ನಮಗೆ ಪ್ರಿಯವಾದುದು. ತ್ಯಾಗದಲ್ಲಿ ಸೋತವನೂ ದೊಡ್ಡವನಾಗಿಯೇ ಉಳಿಯುತ್ತಾನೆ. ರಷ್ಯನ್ ಕಥೆಯಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ತೀರ್ಮಾನ ಹುಡುಗಿಯದು. ತಾನು ಕೊಡದಿದ್ದ ತೀರ್ಪನ್ನು ತಲೆಬಾಗಿ ಸ್ವೀಕರಿಸುವುದು ತ್ಯಾಗಕ್ಕಿಂತ ಕಷ್ಟ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸಹೃದಯ ವಾಚಕರು ಕೆಲವು ಸಾಲುಗಳಷ್ಟು ಸ್ವಂತ ಮಾತನ್ನು ಮನ್ನಿಸಬೇಕು.

ನನ್ನ ತಂದೆ ಚಿತ್ತಾಪುರದ ಕಡೆ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುವವರು. ಅವರು ಅಗೆದು ತೆಗೆದ ಕಲ್ಲು ಶಹಾಬಾದ ಕಲ್ಲೆಂದು ಹೆಸರಾಗಿ ಎಷ್ಟೋ ಊರುಗಳ ಮನೆಗಳ ನೆಲವಾಗಿದೆ. ನಮ್ಮ ಮನೆಯಲ್ಲಿ ಪದವಿ ತರಗತಿಯ ನೆಲ ತುಳಿದವನು ನಾನೇ ಮೊದಲಿಗ. ಹೀಗಾಗಿ ಓಣಿಯವರ ರೇಶನ್ ಕಾರ್ಡು, ಪಿಂಚಣಿಯ ಕಾಗದ, ಬ್ಯಾಂಕಿನ ನೋಟೀಸು ಎಲ್ಲವೂ ನನ್ನ ಕೈಗೆ ಬರುತ್ತವೆ. ಓದಿದವನ ಕೈಗೆ ಕೊಟ್ಟ ಕಾಗದ ಹಾದಿ ತಪ್ಪದೆಂದು ಅವರ ನಂಬಿಕೆ. ಕಳೆದ ಮಳೆಗಾಲದಲ್ಲಿ, ಕಾಗಿಣಾ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ, ಪಿ.ಯು.ಸಿ.ಯವರೆಗೆ ನನ್ನೊಡನೆ ಓದಿದ ಒಬ್ಬಳು ಮಡಿಸಿದ ಕಾಗದವೊಂದನ್ನು ನನ್ನ ಕೈಯಲ್ಲಿಟ್ಟಳು. ಮನೆಗೆಲ್ಲ ಇರುವ ಒಂದೇ ಫೋನು ಆಕೆಯ ಅಣ್ಣನ ಕಿಸೆಯಲ್ಲಿರುತ್ತದೆ. ಕಾಗದ ಮುಟ್ಟಬೇಕಾದುದು ವಾಡಿಯಲ್ಲಿ ಕೆಲಸಕ್ಕಿದ್ದ ಒಬ್ಬರಿಗೆ. “ನೀ ಸಾಲಿ ಕಲ್ತಾವ ಇದ್ದಿ. ನಿನ್ನ ಕೈಯಾಗ ಕೊಟ್ರ ಹೋಗಿ ಮುಟ್ಟತದ” ಎಂದಳು. ಆಕೆಯ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಾನು ಯಾರಿಗೂ ಹೇಳಿದವನಲ್ಲ, ಆಕೆಗೂ ಹೇಳಿರಲಿಲ್ಲ.

ಚಿತ್ತಾಪುರದಿಂದ ವಾಡಿಗೆ ರೈಲಿನಲ್ಲಿ ಹೋಗಿಬರುವುದು ಅರ್ಧ ದಿನದ ಕೆಲಸ. ನಾನು ಅದನ್ನು ಎಂಟು ದಿನ ಮಾಡಲಿಲ್ಲ. ಕಾಗದ ನನ್ನ ಇತಿಹಾಸದ ನೋಟ್‌ಬುಕ್ಕಿನಲ್ಲಿತ್ತು. ಹರಿಯಲಿಲ್ಲ, ಓದಲಿಲ್ಲ, ಇದನ್ನೇ ದೊಡ್ಡ ಗುಣವೆಂದು ಆಗ ಹೆಮ್ಮೆಪಟ್ಟೆ. ಆಕೆ ಮೂರು ಸಲ ಕೇಳಿದಳು. ಮೂರು ಸಲವೂ ಅವರು ಸಿಗಲಿಲ್ಲವೆಂದೆ. ಮೂರನೆಯ ಸಲ ಆಕೆ ಏನೂ ಮಾತನಾಡದೆ ಕೊಡವನ್ನು ಎತ್ತಿಕೊಂಡು ನಡೆದಳು. ಆ ಮೌನವನ್ನು ನೋಡಲಾರದೆ ಒಂಬತ್ತನೆಯ ದಿನ ಬೆಳಗಿನ ಗಾಡಿಗೆ ವಾಡಿಗೆ ಹೋದೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಆ ಮನುಷ್ಯ ಕಾಗದವನ್ನು ನಿಂತೇ ಎರಡು ಸಲ ಓದಿ, “ಯಾವಾಗ ಕೊಟ್ಟಾಳಪ್ಪ ಇದು?” ಎಂದು ಕೇಳಿದರು. ನಿಜ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ; ಚಹ ಕುಡಿಸಿ ಕಳಿಸಿದರು. ಆ ಚಹದಷ್ಟು ಕಹಿಯಾದುದನ್ನು ನಾನು ಕುಡಿದಿಲ್ಲ. ಮುಂದಿನದು ಅವರಿಬ್ಬರ ಸಂಗತಿ. ಅದನ್ನು ಇಲ್ಲಿ ಬರೆಯಲು ನನಗೆ ಹಕ್ಕಿಲ್ಲ.

ಗ್ರಂಥಾಲಯದ ಕತ್ತಲೆಯಲ್ಲಿ ಮಾರಿಯೋ ಪತ್ರವನ್ನು ಹರಿದು ನೀರಿಗೆ ಹಾಕಿದಾಗ ಕೆಲವರು ಚಪ್ಪಾಳೆ ತಟ್ಟಿದರು. ಆಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಎಂಟು ದಿನ ನಾನು ನಾಗಚಂದ್ರನ ರಾವಣನಾಗಿದ್ದೆ. ‘ಆಮೇಲೆ ಕೊಟ್ಟರಾಯಿತು’ ಎಂಬುದು ನನ್ನ ಮಂತ್ರವಾಗಿತ್ತು. ಪತ್ರವನ್ನು ಹರಿಯದವನೂ ಅದನ್ನು ತಡೆಹಿಡಿದ ಅಷ್ಟು ದಿನ ಮತ್ತೊಬ್ಬರ ಬದುಕನ್ನು ತಡೆಹಿಡಿದಿರುತ್ತಾನೆ. ಈ ಲೇಖನವನ್ನು ಬರೆಯುವ ಮೊದಲು ಆಕೆಯನ್ನು ಕಂಡು, ಎಂಟು ದಿನಗಳ ಸುಳ್ಳನ್ನು ಒಪ್ಪಿಕೊಂಡು, ಬರೆಯಲೇ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಹೇಳಿದಳು: “ಬರಿ. ಖರೆ ಏನದ ಅದೇ ಬರಿ. ನನ್ನ ಹೆಸರು ಮಾತ್ರ ಹಾಕಬ್ಯಾಡ.”

ಇನ್ನು ಗೆಳೆಯನ ಪ್ರಶ್ನೆ. ಕೊನೆಗೆ ಅವನಿಗೇನು ಸಿಕ್ಕಿತು? ಹುಡುಗಿ ಸಿಗಲಿಲ್ಲ. ಕನಸುಗಾರನಿಗೆ, ಒಬ್ಬರು ತನ್ನನ್ನು ನಂಬಿ ಕೊಟ್ಟ ಕೆಲಸವನ್ನು ತನ್ನ ಆಸೆಗೆ ವಿರುದ್ಧವಾಗಿಯೂ ಮಾಡಿದೆನೆಂಬ ನೆಮ್ಮದಿ ಸಿಕ್ಕಿತು. ಅದಿಲ್ಲದಿದ್ದರೆ ಕೊನೆಯಲ್ಲಿ ಅವನು ಹರಸಿದ ಮಾತು ಬಾಯಿಮಾತಾಗುತ್ತಿತ್ತು. ಮಾರಿಯೋನಿಗೆ ಆ ನೆಮ್ಮದಿ ಸಿಗಲಿಲ್ಲ. ಆದರೆ ತಪ್ಪನ್ನು ಹೇಳಿಕೊಂಡು ಹಾದಿ ಬಿಟ್ಟುಕೊಡುವ ಅವಕಾಶ ಸಿಕ್ಕಿತು. ಅದೂ ಸಣ್ಣದಲ್ಲ. ಒಲಿಯದ ಹೆಣ್ಣಿನ ಮೇಲೆ ಹಗೆ ಸಾಧಿಸಿದವರ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುವ ನಾವು, ‘ಒಲ್ಲೆ’ ಎಂಬ ಮಾತನ್ನು ಕೇಳಿ ಮನುಷ್ಯನಾಗಿ ಉಳಿಯುವುದನ್ನು ಕಲಿಸುವ ಕಥೆಗಳನ್ನು ಪದವಿಯ ಪಠ್ಯಗಳಷ್ಟೇ ಶ್ರದ್ಧೆಯಿಂದ ಓದಬೇಕಾಗಿದೆ.

ಈ ವರ್ಷ ನಾನು ಪದವೀಧರನಾಗುತ್ತೇನೆ. ಓಣಿಯವರು ಇನ್ನೂ ಹೆಚ್ಚಿನ ಕಾಗದಗಳನ್ನು ನನ್ನ ಕೈಯಲ್ಲಿ ಇಡುವರು. ಬಂದ ದಿನವೇ ಅವುಗಳನ್ನು ಮುಟ್ಟಿಸುವೆನೆಂದು ಮಾತು ಕೊಟ್ಟು ಈ ಲೇಖನವನ್ನು ಮುಗಿಸುತ್ತೇನೆ.